ಹನ್ನೊಂದಡಿ ಪೈಪು

ಬಾನೆಟ್ ಎತ್ತಿ ಇನಾಯತ್ ನಕ್ಕ:
'ಸುಗುಣಕ್ಕ, ಇಲ್ಲಿ ನಿಂಬೆಹಣ್ಣು ಇಡೋಕೂ ಜಾಗ ಇಲ್ಲ,
ಟರ್ಬೊ ಎಲ್ಲಿಡ್ತೀರಿ?'
ಬೆಲ್ಲದ ಅಚ್ಚಿನಷ್ಟೇ ಇತ್ತು ಅದು,
ಗುಜರಿಗೆ ಬಂದ ಡೀಸೆಲ್ ಕಾರೊಂದರ ಎದೆಯಿಂದ ಕಿತ್ತದ್ದು,
ಒಳಗಿನ ಚಕ್ರ ಊದಿದರೂ ತಿರುಗುತ್ತಿತ್ತು.
ಅಷ್ಟು ಸಣ್ಣದಕ್ಕೂ
ರೇಡಿಯೇಟರು ಸರಿಯಲಿಲ್ಲ, ಬ್ಯಾಟರಿ ಸರಿಯಲಿಲ್ಲ.

ಹಿಂದಕ್ಕೆ ಹೋದೆವು.
ಸೈಲೆನ್ಸರಿನ ತುಕ್ಕು ಡಬ್ಬ ಕೊಯ್ದು ಬಿಸಾಡಿ
ಆ ಖಾಲಿಯಲ್ಲಿ, ಸ್ಟೆಪ್ನಿಯ ಮಗ್ಗುಲಿಗೆ
ನೇತುಹಾಕಿದೆವು.
ಇಂಜಿನ್ನು ಬಿಟ್ಟ ಉಸಿರು ಹೊಟ್ಟೆಯಡಿ ಹನ್ನೊಂದಡಿ ನಡೆದು
ಚಕ್ರ ತಿರುಗಿಸಬೇಕು;
ಚಕ್ರ ಹೀರಿದ ಹೊಸ ಗಾಳಿ ಇನ್ನೊಂದು ಪೈಪಿನಲ್ಲಿ
ಮತ್ತೆ ಹನ್ನೊಂದಡಿ ಮುಂದಕ್ಕೆ ಬಂದು
ಇಂಜಿನ್ನಿನ ಬಾಯಿಗೆ ಬೀಳಬೇಕು.
ಕೇಳಿದವರೆಲ್ಲ ಅಂದರು:
'ಮಂಡ್ಯದಿಂದ ಮದ್ದೂರಿಗೆ ಮೈಸೂರು ಸುತ್ಕೊಂಡು ಹೋದಂಗೆ.'

ಫ್ಲ್ಯಾಂಜು ನಾನೇ ಕೊರೆದೆ, ಅಪ್ಪನ ಲೇತಿನಲ್ಲಿ.
ಅದಕ್ಕೆ ಕೂದಲೆಳೆಯಷ್ಟು ಎಡಕ್ಕೆ ವಾಲುವ ಚಟ.
ಅಪ್ಪ ಬೈಯುತ್ತಿರಲಿಲ್ಲ,
ಕೂದಲೆಳೆಯಷ್ಟು ಬಲಕ್ಕೆ ಹಿಡಿಯುತ್ತಿದ್ದ.
ನಾನೂ ಹಾಗೇ.

ಎಣ್ಣೆಯ ವಿಷಯ ಮರೆತಿದ್ದೆವು ಎಂದಲ್ಲ.
ಹಿಂದಕ್ಕೆ ಹೋದ ಎಣ್ಣೆ ತಾನಾಗಿ ವಾಪಸು ಬರದು,
ಎಳೆದು ತರಲು ಪಂಪು ಬೇಕು.
ಇನಾಯತ್ ತಂದ ಪಂಪು
ಗುತ್ತಲು ರೈಲ್ವೆ ಗೇಟು ದಾಟುವ ಮೊದಲೇ ಸತ್ತಿತು.
ನೀಲಿ ಹೊಗೆ. ಅಬ್ಬಾ, ಎಷ್ಟು ನೀಲಿ!
ಸೊಳ್ಳೆ ಹೊಡೆಯುವ ಗಾಡಿ ಬಂತೆಂದು
ಮಕ್ಕಳು ಕೂಗುತ್ತ ಬೆನ್ನಿಗೆ ಬಿದ್ದವು,
ಒಬ್ಬಾಕೆ ಹಾಲಿನ ಪಾತ್ರೆಗೆ ಸೆರಗು ಮುಚ್ಚಿದಳು.

ಪಂಪು ಬದಲಾಯಿತು. ಹೊಗೆ ನಿಂತಿತು.
ಆದರೂ ಮುಳ್ಳು ಏಳಲಿಲ್ಲ.

ಕರಿಬೋರಯ್ಯ ಬಂದದ್ದು ಕಬ್ಬಿಣದ ಸರಳೊಂದನ್ನು ಬಗ್ಗಿಸಿಕೊಳ್ಳಲು.
ನಲವತ್ತು ವರ್ಷ ಆಲೆಮನೆಗಳಿಗೆ ಒಲೆ ಕಟ್ಟಿದ ಕೈ.
ಕಾರಿನಡಿ ಬಗ್ಗಿ
ಪೈಪಿನ ಹತ್ತಿರ ಅಂಗೈ ಹಿಡಿದ,
ಮುಂದೆ ಒಮ್ಮೆ, ನಡುವೆ ಒಮ್ಮೆ, ಹಿಂದೆ ಒಮ್ಮೆ.
'ಹೊಗೆ ದೂರ ನಡುದ್ರೆ ಸುಸ್ತಾಯ್ತದೆ ಕಣವ್ವ.
ಮೊದಲ್ನೇ ಕೊಪ್ಪರಿಗೆ ಉಕ್ತದೆ, ಮೂರನೇದು ಸುಮ್ಕೆ ಕುಂತಿರ್ತದೆ.
ದಾರೀಗೆ ಕಂಬ್ಳಿ ಹೊದುಸ್ಬೇಕು.'
ಯಾವ ಕಂಬಳಿ ತಡೆದೀತು ಅದನ್ನ, ಎಂದೆ.
ಮಾರನೆಯ ದಿನ ಗೊಬ್ಬರದ ಚೀಲದಲ್ಲಿ ತಂದ,
ಗಾಜಿನ ನಾರಿನ ಪಟ್ಟಿ, ಸುರುಳಿ ಸುರುಳಿ.
ಮುರಿದ ಕಾಲಿಗೆ ಕಟ್ಟು ಹಾಕುವಂತೆ ಸಂಜೆಯ ತನಕ ಸುತ್ತಿದೆವು.
ಮೂರು ದಿನ ಮೈಯೆಲ್ಲ ತುರಿಕೆ.
ಬರುವ ಪೈಪನ್ನು ಮಾತ್ರ ಬರಿಮೈಯಲ್ಲೇ ಬಿಟ್ಟೆವು:
ಹೋಗುವುದು ಬಿಸಿಯಾಗಿ ಹೋಗಲಿ,
ಬರುವುದು ತಣ್ಣಗೆ ಬರಲಿ.

ನಾಲೆಯ ಏರಿ, ಬೆಳಗಿನ ಐದೂವರೆ.
ಕಬ್ಬಿನ ಟ್ರ್ಯಾಕ್ಟರುಗಳಿನ್ನೂ ಎದ್ದಿರಲಿಲ್ಲ.
ಕಾಲೊತ್ತಿದೆ. ಏನೂ ಇಲ್ಲ.
ಒಂದು ಹೊಂಗೆಮರ ಹೋಯಿತು. ಎರಡನೆಯದೂ.
'ಬತ್ತದೆ ತಡಿ,' ಹಿಂದಿನ ಸೀಟಿನಿಂದ.
ಮೂರನೆಯ ಮರದ ಹತ್ತಿರ
ಕುಕ್ಕರು ಕೂಗುವುದಕ್ಕೆ ಮುಂಚಿನ ಆ ಸಣ್ಣ ಎಳೆ ದನಿ
ಮುದುಕನ ಕೆಳಗೆಲ್ಲೋ ಹುಟ್ಟಿ,
ಮುಳ್ಳು ಎರಡು, ಮೂರು, ಐದು,
ಇಪ್ಪತ್ತೈದು ವರ್ಷದ ಕಾರು
ತನಗೇ ಗೊತ್ತಿಲ್ಲದ ಕಾಲುಗಳಲ್ಲಿ
ಓಡಿತು, ಓಡಿತು.
ಇನಾಯತ್ ಬಾಗಿಲ ಹಿಡಿ ಬಿಟ್ಟದ್ದು
ಚಹದಂಗಡಿಯ ಮುಂದೆಯೇ.

'ಕೀ ತಿರುಗಿಸಬೇಡಿ ಅಕ್ಕ,
ಎಣ್ಣೆ ಅಲ್ಲೇ ಕರಕಲಾಗುತ್ತೆ. ಎರಡು ನಿಮಿಷ ಉಸಿರಾಡಲಿ.'
'ಪೆಟ್ರೋಲೇನು ಪುಗಸಟ್ಟೆ ಬತ್ತದಾ?' ಅಂಗಡಿಯವ ಕೇಳಿದ.
ಯಾರೂ ಉತ್ತರಿಸಲಿಲ್ಲ.
ಕರಿಬೋರಯ್ಯ ಇಳಿಯಲೂ ಇಲ್ಲ.
ಸೀಟಿಗೆ ಅಂಗೈ ಊರಿ, ಕಣ್ಣು ಮುಚ್ಚಿ,
ಪಾಕ ಇಳಿಸುವ ಹೊತ್ತು ಕಾಯುವವನಂತೆ ಕೂತಿದ್ದ.
ಚಹ ಕೆನೆಗಟ್ಟಿತು.

'ಈಗ,' ಅಂದ.